ತಗಡಿನ ಗೋಡೆಯಾಚೆಯ ಸಾಹೇಬರು

ಹೊನ್ನಾಳಿಯ ಬಸ್ ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ನನ್ನ ಹೊಲಿಗೆ ಅಂಗಡಿ. ಅದಕ್ಕೆ ಹೊಂದಿಕೊಂಡೇ ಸಾಹೇಬರ ಮೋಟಾರ್ ವೈಂಡಿಂಗ್ ಅಂಗಡಿ. ಎರಡಕ್ಕೂ ನಡುವೆ ಇದ್ದದ್ದು ತಗಡಿನ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು, ನನ್ನ ಕತ್ತರಿ ಕೆಳಗೆ ಬಿದ್ದರೆ ಅವರಿಗೆ ಕೇಳಿಸುತ್ತಿತ್ತು. ಟೀ ಬಂದಾಗ ಆ ಕಡೆಯಿಂದ ತಗಡಿನ ಮೇಲೆ ಬೆರಳಲ್ಲಿ ಬಡಿದು, "ತಂಗೀ, ಚಾ ಬಂತು, ಆರಿಸ್ಬ್ಯಾಡ" ಎನ್ನುತ್ತಿದ್ದರು. ಒಡಹುಟ್ಟಿದ ಅಣ್ಣಂದಿರ ಮಾತನ್ನೂ ನಾನು ಬದುಕಿನಲ್ಲಿ ಅಷ್ಟೊಂದು ಕೇಳಿಸಿಕೊಂಡಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿ ಮುಂದೆ ಕಸ ಗುಡಿಸುತ್ತಿದ್ದವರು ಪೊರಕೆಯನ್ನು ಗೋಡೆಗೆ ಒರಗಿಸಿ, ಸ್ಟೂಲಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಊರು ಅವರನ್ನು ಕರೆಯುತ್ತಿದ್ದದ್ದು ಮಿಲಿಟ್ರಿ ಸಾಹೇಬ್ರು ಅಂತ. ಅಂಗಡಿಯ ಬೋರ್ಡಿನ ಮೇಲೂ ಹೆಸರಿರಲಿಲ್ಲ. 'ಮಾಜಿ ಸೈನಿಕರು, ಎಲ್ಲಾ ತರಹದ ಮೋಟಾರ್ ವೈಂಡಿಂಗ್' ಎಂದಷ್ಟೇ ಇತ್ತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಹುಟ್ಟಿದ್ದು ಚನ್ನಗಿರಿ ಕಡೆಯ ನಲ್ಲೂರಿನಲ್ಲಿ. ಮೀಸೆ ಸರಿಯಾಗಿ ಮೂಡುವ ಮೊದಲೇ ಸೈನ್ಯ ಸೇರಿದವರು. ಅಲ್ಲಿ ಅವರ ಕೆಲಸ ರೇಡಿಯೋ ಸೆಟ್ಟಿನದು. ಒಂದು ಠಾಣೆಯ ಮಾತನ್ನು ಇನ್ನೊಂದು ಠಾಣೆಗೆ ತಲುಪಿಸುವುದು. ನಮ್ಮ ಬೀದಿಯ ಮಕ್ಕಳಿಗೆ ಅದು ಸಾಕಾಗುತ್ತಿರಲಿಲ್ಲ. "ಸಾಹೇಬ್ರೇ, ನೀವು ಎಷ್ಟು ಜನಾನ ಹೊಡ್ದೀರಿ?" ಎಂದು ಕೇಳುತ್ತಿದ್ದವು. ಅವರು ಬಹಳ ಹೊತ್ತು ಯೋಚಿಸುವವರಂತೆ ಮುಖ ಮಾಡಿ, "ಸೊಳ್ಳೆ ಲೆಕ್ಕಕ್ಕೆ ಬರ್ತಾವೇನು?" ಎನ್ನುತ್ತಿದ್ದರು.

ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆದಂತೆ ನಡೆಯುತ್ತಿದ್ದರು. ಯಾವುದೋ ಹಿಮದ ಠಾಣೆಯಲ್ಲಿ ಕಾಲಿನ ಬೆರಳುಗಳು ಮರಗಟ್ಟಿ, ಎರಡನ್ನು ತೆಗೆಯಬೇಕಾಗಿ ಬಂದಿತ್ತಂತೆ. ಕೇಳಿದವರಿಗೆ ಹೇಳುತ್ತಿದ್ದದ್ದು ಇಷ್ಟೆ: "ನಾನು ರಿಟೈರಾಗಿ ಬಂದೆ. ಅವೆರಡು ಇನ್ನಾ ಅಲ್ಲೇ ಡ್ಯೂಟಿ ಮಾಡ್ತಾ ಅದಾವೆ."

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ಬೇಸಿಗೆ ಭತ್ತದ ಕಾಲದಲ್ಲಿ ಹಳ್ಳಿಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಬಂದು ಬೀಳುತ್ತಿದ್ದವು. ಗದ್ದೆಗೆ ಬರುವ ನೀರು ನಿಂತುಹೋದರೆ ಪೈರು ಕಾಯುವುದಿಲ್ಲವಲ್ಲ, ರೈತರ ಮುಖದಲ್ಲಿ ಜೀವವಿರುತ್ತಿರಲಿಲ್ಲ. ಸಾಹೇಬರು ಮೊದಲು ಅವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡುತ್ತಿದ್ದರು. ಆಮೇಲೆ ಕರಕಲಾದ ತಾಮ್ರದ ತಂತಿಯನ್ನು ಕಿತ್ತು, ಹೊಸ ತಂತಿಯನ್ನು ಸುರುಳಿ ಸುತ್ತಿ, ಒಂದೊಂದೇ ಸಂದಿಗೆ ಇಳಿಸಿ, ವಾರ್ನಿಷ್ ಹೊಯ್ದು, ಒಣಗಿಸಿ, ಮೋಟಾರು ಗುಂಯ್ ಎನ್ನುವವರೆಗೆ ಎದ್ದೇಳುತ್ತಿರಲಿಲ್ಲ. ಆ ಗುಂಯ್ ಸದ್ದಿಗೆ ನನ್ನ ಮಷೀನೂ ನಿಲ್ಲುತ್ತಿತ್ತು. ಆ ಕಡೆ ರೈತ, "ಬದುಕಿದೆ ಸಾಹೇಬ್ರೇ" ಎನ್ನುವುದನ್ನು ಕೇಳಲೆಂದೇ ನಾನು ಪೆಡಲಿನಿಂದ ಕಾಲು ತೆಗೆಯುತ್ತಿದ್ದೆ.

ಒಂದು ರಂಜಾನ್ ಹಬ್ಬದ ದಿನ. ನಮಾಜು ಮುಗಿಸಿ, ಬಿಳಿ ಜುಬ್ಬಾದಲ್ಲಿ ಮನೆಗೆ ಹೊರಟಿದ್ದವರನ್ನು ಹಳ್ಳಿಯ ರೈತನೊಬ್ಬ ಅಂಗಡಿ ಮುಂದೆ ಮೋಟಾರು ಇಟ್ಟುಕೊಂಡು ಕಾಯುತ್ತಿದ್ದ. ಹಬ್ಬವೆಂದು ಅವನಿಗೆ ನೆನಪಿರಲಿಲ್ಲ. ಇವರ ಬಟ್ಟೆ ನೋಡಿ ಗೊತ್ತಾಗಿ, "ನಾಳೆ ಬರ್ತೀನಿ ಬಿಡ್ರಿ" ಎಂದು ಎದ್ದ. ಇವರು ಜುಬ್ಬಾದ ತೋಳು ಮಡಿಚಿ ಷಟರ್ ಎತ್ತಿದರು. ಸ್ವಲ್ಪ ಹೊತ್ತಿಗೆ ಭಾಭಿ ಬಂದರು, ಅಂದರೆ ಸಾಹೇಬರ ಹೆಂಡತಿ. ಕೈಯಲ್ಲಿ ಸುರಕುಂಬದ, ಅಂದರೆ ಹಬ್ಬದ ಶ್ಯಾವಿಗೆ ಪಾಯಸದ, ಪಾತ್ರೆ. ಬೀದಿಯ ಆ ತುದಿಯಿಂದಲೇ ದನಿ ಕೇಳಿಸುತ್ತಿತ್ತು.

"ಹಬ್ಬದ ದಿನಾನೂ ಮೋಟ್ರಿನ ಜತೀಗೆ ಸಂಸಾರ ಮಾಡ್ತೀರೇನ್ರಿ? ಹೊಸಾ ಜುಬ್ಬಾಕ್ಕೆ ಗ್ರೀಸ್ ಬಳ್ಕಂಡ್ರೆ ನಾನು ಒಗೆಯಾಕಿಲ್ಲ! ಏ ಗೌಡ್ರೇ, ನೀವೂ ಕುಡೀರಿ. ನಿಮ್ಗೂ ಹಬ್ಬ ಗೊತ್ತಿಲ್ಲ, ನಮ್ಮೋರ್ಗೂ ಗೊತ್ತಿಲ್ಲ. ಏ ಟೇಲರಮ್ಮಾ, ಲೋಟ ತಗಂಬಾ!"

ಭಾಭಿಯ ದನಿ ಅಂಥದು. ಸಾಹೇಬರು ಗಡಿಯಲ್ಲಿದ್ದ ವರ್ಷಗಳಲ್ಲಿ ಮೂರು ಮಕ್ಕಳನ್ನು ಆಕೆ ಸಾಕಿದ್ದೇ ಆ ದನಿಯಿಂದ. ಮಂಡಕ್ಕಿ ಭಟ್ಟಿಯಿಂದ ಚೀಲ ತಂದು, ನ್ಯಾಮತಿಯ ಸಂತೆಯಲ್ಲಿ, ಹೊನ್ನಾಳಿಯ ಸಂತೆಯಲ್ಲಿ ಕೂತು ಮಾರುತ್ತಿದ್ದರು. ಗಂಡ ಕಳಿಸುತ್ತಿದ್ದ ಸಂಬಳ ಇರಲಿಲ್ಲವೆಂದಲ್ಲ. "ಸುಮ್ನೆ ಕೂತ್ರೆ ನನ್ ಬಾಯಿಗೆ ತುಕ್ಕು ಹಿಡೀತೈತೆ" ಎನ್ನುತ್ತಿದ್ದರು. ಅವರ ಕೂಗು ಕೇಳಿ ಮಂಡಕ್ಕಿ ಬೇಡದವರೂ ಒಂದು ಸೇರು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಸಾಹೇಬರ ಶೌರ್ಯದ ಕತೆಗಳೆಲ್ಲ ನಮಗೆ ಗೊತ್ತಾಗಿದ್ದು ಆಕೆಯ ಬಾಯಿಂದಲೇ. ಹಿಮ ಬಿದ್ದು ದಾರಿ ಮುಚ್ಚಿದಾಗ ಠಾಣೆಯಲ್ಲಿ ಒಬ್ಬ ಜವಾನನಿಗೆ ಎದೆನೋವು ಬಂತಂತೆ. ಚಳಿಗೆ ರೇಡಿಯೋದ ಬ್ಯಾಟರಿ ಕೆಲಸ ಮಾಡಲಿಲ್ಲವಂತೆ. ಇವರು ಬ್ಯಾಟರಿಯನ್ನು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡು, ಮೈಯ ಕಾವು ಕೊಟ್ಟು, ಕೆಳಗಿನವರಿಗೆ ಮಾತು ಮುಟ್ಟುವವರೆಗೂ ಕರೆಯುತ್ತಲೇ ಇದ್ದರಂತೆ. ಹೆಲಿಕಾಪ್ಟರ್ ಬಂತು, ಆತ ಬದುಕಿದ. ಭಾಭಿ ಇದನ್ನು ಹೇಳುವಾಗ ಹಿಮವೂ ಹೆಚ್ಚುತ್ತಿತ್ತು, ಹೆಲಿಕಾಪ್ಟರುಗಳೂ ಹೆಚ್ಚುತ್ತಿದ್ದವು. ತಗಡಿನಾಚೆಯಿಂದ ಸಾಹೇಬರು, "ಅಷ್ಟೇನಿರ್ಲಿಲ್ಲ ಬಿಡ್ರಿ" ಎನ್ನುತ್ತಿದ್ದರು. ಅವರು ಹೆಂಡತಿಗೂ ಬಹುವಚನ ಹಚ್ಚಿ ಮಾತಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಹಾಗೆ ಮಾತಾಡುವ ಗಂಡಸನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಮಕ್ಕಳ ವಿಷಯದಲ್ಲಿ ಅವರು ಹೇಗಿದ್ದರೆಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ರಜೆಯಲ್ಲಿ ಬಂದಾಗ ಕಿರಿಯ ಮಗಳು ಇವರನ್ನು ನೋಡಿ, "ಅಮ್ಮೀ, ಯಾರೋ ಅಂಕಲ್ ಬಂದಾರೆ" ಎಂದು ಒಳಗೆ ಓಡಿದ್ದಳಂತೆ. ಮನೆಯವರೆಲ್ಲ ನಕ್ಕರಂತೆ. ಇವರು ನಗಲಿಲ್ಲ, ಬೇಸರಿಸಿಕೊಳ್ಳಲೂ ಇಲ್ಲ. ಬಾಗಿಲ ಹತ್ತಿರವೇ ಕೂತು, "ಹೌದಮ್ಮ, ನಾನು ಹೊಸಬ. ನಿಮ್ಮನೀಗೆ ಬರಬೋದಾ?" ಎಂದು ಕೇಳಿದರಂತೆ. ಅವಳು ಒಪ್ಪಿ ಕೈ ಹಿಡಿದು ಕರೆದುಕೊಂಡು ಹೋದ ಮೇಲೆಯೇ ಒಳಗೆ ಕಾಲಿಟ್ಟರಂತೆ. ನಿವೃತ್ತರಾಗಿ ಬಂದ ಮೇಲೆ ಅದೇ ಮಗಳಿಗೆ ದಿನಾ ಬೆಳಿಗ್ಗೆ ಜಡೆ ಹಾಕುತ್ತಿದ್ದವರು ಇವರು. ತಂತಿ ಸುತ್ತಿ ಪಳಗಿದ ಕೈ. ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ಶಾಲೆಯಲ್ಲಿ ಹುಡುಗಿಯರು ಅದಕ್ಕೆ ವೈಂಡಿಂಗ್ ಜಡೆ ಎಂದು ಹೆಸರಿಟ್ಟಿದ್ದರು. ಹೆಸರು ಅವಳಿಗೆ ಹೆಮ್ಮೆಯದಾಗಿತ್ತು. ಈಗ ಅವಳು ಜಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು.

ಮಕ್ಕಳೆಲ್ಲ ಒಂದು ದಡ ಸೇರಿದರು, ಇನ್ನು ಸಾಹೇಬರು ಆರಾಮಾಗಿ ಇರಬಹುದು ಎಂದು ಬೀದಿಯವರೆಲ್ಲ ಅಂದುಕೊಳ್ಳುವ ಹೊತ್ತಿಗೆ ಭಾಭಿ ಬಿದ್ದರು. ಸಂತೆಗೆ ಚೀಲ ಕಟ್ಟುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಜೀವ ಉಳಿಯಿತು. ಬಲಗೈ ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಆಕೆಗೆ ತಿಳಿಯುತ್ತಿತ್ತು. ಉತ್ತರ ಕಣ್ಣಿಗೆ ಬಂದು ನಿಲ್ಲುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಡಾಕ್ಟರು, "ನಡಿಗೆ ಬರಬಹುದು. ಮಾತಿನದು ಹೇಳಾಕಾಗಲ್ಲ. ಮಾತಾಡಿಸ್ತಾ ಇರ್ರಿ" ಎಂದು ಕಳಿಸಿದರು.

ದಾವಣಗೆರೆಯಲ್ಲಿರುವ ಹಿರಿಯ ಮಗ, ಸೊಸೆ ಇಬ್ಬರೂ ಕರೆದರು. ಮನಸ್ಸಿನಿಂದಲೇ ಕರೆದರು, ಅದನ್ನು ನಾನು ಕಂಡಿದ್ದೇನೆ. "ಅಬ್ಬಾ, ನೀವು ಅಂಗ್ಡಿ ನೋಡ್ಕಳ್ರಿ, ಅಮ್ಮೀನ ನಾವು ನೋಡ್ಕಂತೀವಿ" ಎಂದ ಮಗ. ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ನಾನು ಮರೆಯಲಾರೆ.

"ನಾನು ದೂರ ಇದ್ದಷ್ಟು ಕಾಲ ಅವ್ರು ಮಾತಾಡಿದ್ರಪ್ಪ. ನಿಮ್ಮ ಜತೀಗೆ, ಸಂತ್ಯಾಗೆ, ಗೋಡೆ ಜತೀಗೆ. ನನಗೆ ಒಂದೂ ಕೇಳಿಸ್ಲಿಲ್ಲ. ಇನ್ನು ಮೇಲೆ ಬರೋ ಮಾತು ನನಗೆ ಕೇಳಿಸ್ಬೇಕು."

ಮರುವಾರ ಅಂಗಡಿಯ ಹಿಂಭಾಗದಲ್ಲಿ ಒಂದು ಮಂಚ ಬಂತು. ಗಾಳಿಗೆಂದು ಹಿಂದಿನ ಗೋಡೆ ಒಡೆಸಿ ಕಿಟಕಿ ಇಡಿಸಿದರು. ವಾರ್ನಿಷ್ ವಾಸನೆ ಆಕೆಗೆ ಆಗದೆಂದು ಆ ಕೆಲಸವನ್ನು ರಸ್ತೆಬದಿಯ ಬೇವಿನ ಮರದ ಕೆಳಗೆ ಸಾಗಿಸಿದರು. ಬೆಳಿಗ್ಗೆ ಹೆಂಡತಿಯ ತಲೆ ಬಾಚಿ, ಸೆರಗು ಹೊದಿಸಿ, ಆಟೋದಲ್ಲಿ ಕೂರಿಸಿಕೊಂಡು ತರುತ್ತಿದ್ದರು. ಒಂದು ಕೈಯಲ್ಲಿ ಸುರುಳಿ ಸುತ್ತುತ್ತಲೇ ಪಾಠ ಶುರುವಾಗುತ್ತಿತ್ತು.

"ನೀರು. ಹೇಳ್ರಿ. ನೀರು."

ತಗಡಿನ ಈಚೆ ನಾನು ಮಷೀನು ನಿಲ್ಲಿಸಿ ಕೂರುತ್ತಿದ್ದೆ. ಆ ಕಡೆಯಿಂದ ಗಂಟಲಿನ ಒಂದು ಸದ್ದು ಬರುತ್ತಿತ್ತು, ನೀರು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಸಾಹೇಬರು, "ಬಂತು, ಅರ್ಧ ಬಂತು. ಇನ್ನರ್ಧ ದಾರ್ಯಾಗೈತೆ" ಎನ್ನುತ್ತಿದ್ದರು. ಕೆಲವು ದಿನ ಆಕೆಗೆ ಸಿಟ್ಟು ಏರಿ ಎಡಗೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಸ್ಟೀಲಿನ ಲೋಟ ತಗಡಿಗೆ ಬಡಿಯುತ್ತಿತ್ತು. "ಗುರಿ ಚಲೋ ಐತೆ. ನನ್ ಬದ್ಲಿ ನಿಮ್ಮನ್ನೇ ಕಳಿಸ್ಬೇಕಿತ್ತು ಗಡೀಗೆ" ಎಂದು ಅವರು ಲೋಟ ಹೆಕ್ಕುತ್ತಿದ್ದರು. ಒಂದೇ ಒಂದು ಸಲ ಮಾತ್ರ ಹೆಕ್ಕುವ ಸದ್ದು ಕೇಳಿಸಲಿಲ್ಲ. ಸುರುಳಿ ಸುತ್ತುವ ಯಂತ್ರವೂ ನಿಂತಿತು. ಏನಾಯಿತೆಂದು ನೋಡಲು ಹೋದರೆ, ಮುದುಕರಿಬ್ಬರೂ ಮಂಚದ ಮೇಲೆ ಅಕ್ಕಪಕ್ಕ ಕೂತು ಅಳುತ್ತಿದ್ದರು. ನಾನು ಹಿಂದಕ್ಕೆ ಬಂದು ಮಷೀನನ್ನು ಜೋರಾಗಿ ತುಳಿದೆ.

ಅವರು ಕೋಪಿಸಿಕೊಳ್ಳುತ್ತಿದ್ದದ್ದು ಒಂದೇ ವಿಷಯಕ್ಕೆ. ಗಿರಾಕಿಗಳು ಬಂದಾಗ ಭಾಭಿ ಏನಾದರೂ ಹೇಳಲು ಬಾಯಿ ತೆರೆದರೆ, ನಾವೆಲ್ಲ ಕನಿಕರಕ್ಕೆ ಬಿದ್ದು, "ಚಾ ಬೇಕಾ? ಸೆಕೆ ಆಗ್ತೈತಾ? ಮಗಳು ಬೇಕಾ?" ಎಂದು ಒಂದೇ ಸಮನೆ ಕೇಳುತ್ತಿದ್ದೆವು. ಸಾಹೇಬರು ಕೈ ಎತ್ತಿ ತಡೆಯುತ್ತಿದ್ದರು.

"ಅವ್ರ ಮಾತು ನೀವು ಮುಗಿಸ್ಬ್ಯಾಡ್ರಿ. ರೇಡಿಯೋದಾಗೆ ನಾವು ಗುಂಡಿ ಒತ್ತಿ ಮಾತಾಡ್ತಾ ಇದ್ರೆ ಆ ಕಡೇರ್ ಮಾತು ಬರಾಕೇ ದಾರಿ ಇರಲ್ಲ. ನಾವು ಗುಂಡಿ ಬಿಡ್ಬೇಕು. ಬಿಟ್ಟು ಕಾಯ್ಬೇಕು."

ಬರುಬರುತ್ತಾ ಬೀದಿಗೆ ಬೀದಿಯೇ ಕಾಯುವುದನ್ನು ಕಲಿಯಿತು. ಹೂವು ಮಾರುವವಳು ಬುಟ್ಟಿ ಇಳಿಸಿ ಕಾಯುತ್ತಿದ್ದಳು. ಯಾವಾಗಲೂ ಅವಸರದಲ್ಲಿರುವ ಹಾಲಿನವನು ಗಾಡಿ ಆಫ್ ಮಾಡಿ ಕಾಯುತ್ತಿದ್ದ. ಮೋಟಾರು ತಂದ ರೈತರು ಆಕೆಯ ಮುಖ ನೋಡುತ್ತಾ, ದೇವರ ಮುಂದೆ ಕೂತಂತೆ ಸುಮ್ಮನೆ ಕೂರುತ್ತಿದ್ದರು. ಮಾತು ಬರುತ್ತಿರಲಿಲ್ಲ. ಆದರೂ ಕಾಯುತ್ತಿದ್ದರು. ಅಷ್ಟು ಜನರಿಗೆ ಅಷ್ಟು ತಾಳ್ಮೆಯನ್ನು ಈ ಮನುಷ್ಯ ಹೇಗೆ ಹಚ್ಚಿಬಿಟ್ಟರು ಎಂದು ನನಗೆ ಈಗಲೂ ಬೆರಗು.

ಮಳೆಗಾಲ ಹೋಗಿ ಚಳಿಗಾಲ ಬಂತು. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟು ಭಾಭಿ ಸುಧಾರಿಸಿದರು. ಒಂದು ದಿನ ಸಾಹೇಬರು ತಗಡು ಬಡಿದು, "ತಂಗೀ, ನ್ಯಾಮತಿ ಸಂತೀಗೆ ಹೋಗಾನ? ಇವ್ರ್ನ ಹಿಡ್ಕಣಾಕೆ ಒಬ್ರು ಬೇಕು" ಎಂದರು. ಮಂಚದ ಮೇಲೆ ಕೂತು ಕೂತು ಬೇಸರವಾಗಿದೆ, ನಾಲ್ಕು ಮುಖ ನೋಡಿ ಬರಲಿ ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಆಟೋದ ಹಿಂದೆ ಎರಡು ಚೀಲ ಮಂಡಕ್ಕಿಯನ್ನೂ ಹಾಕಿಕೊಂಡಿದ್ದರು. "ಸಂತ್ಯಾಗೆ ಇವ್ರು ಬರಿಗೈಲಿ ಕೂತ್ರೆ ಚಲೋ ಕಾಣಲ್ಲ" ಎಂದರು.

ಭಾಭಿಯ ಹಳೆಯ ಜಾಗದಲ್ಲೇ ಗೋಣಿಚೀಲ ಹಾಸಿ, ಬೆನ್ನಿಗೆ ಮಂಡಕ್ಕಿ ಮೂಟೆ ಕೊಟ್ಟು ಕೂರಿಸಿದೆವು. ಪಕ್ಕದ ಈರುಳ್ಳಿಯವಳು ಬಂದು ಕೈಹಿಡಿದು ಅತ್ತಳು. ಸಾಹೇಬರು ಅಳತೆಯ ಸೇರು ಹಿಡಿದು ನಿಂತರು. ಅವರಿಗೆ ಮಾರಾಟ ಗೊತ್ತಿಲ್ಲ. ಜನ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಎದುರು ಸಾಲಿನಲ್ಲಿ ಒಬ್ಬ ಹೊಸ ವ್ಯಾಪಾರಿ ಮಂಡಕ್ಕಿ ಸುರಿದುಕೊಂಡು, ಒಳ್ಳೆ ದನಿಯಲ್ಲಿ ಕೂಗುತ್ತಿದ್ದ. ಭಾಭಿ ಅವನನ್ನು ನೋಡಿದರು. ಒಂದು ಸಲ ನಮ್ಮ ಚೀಲ ನೋಡಿದರು. ಮೈಯನ್ನು ಮುಂದಕ್ಕೆ ತಂದರು. ಬೀಳುತ್ತಾರೇನೋ ಎಂದು ನಾನು ತೋಳು ಹಿಡಿಯುವಷ್ಟರಲ್ಲಿ ಬಂತು ನೋಡಿ.

"ಗರಿಗರಿ ಮಂಡಕ್ಕೀ! ಬರ್ರೀ ಅಕ್ಕಾರೆ ಬರ್ರೀ! ಈಗ್ ಹುರಿದ್ ಮಂಡಕ್ಕೀ!"

ಇಡೀ ಕೂಗು, ಒಂದಕ್ಷರ ಬಿಡದೆ. ಬಾಯಿಯ ಒಂದು ಪಕ್ಕ ಇನ್ನೂ ಸೊಟ್ಟಗಿತ್ತು, ಆದರೆ ದನಿ ಅದೇ. ಈರುಳ್ಳಿಯವಳ ಕೈಯಿಂದ ತಕ್ಕಡಿ ಜಾರಿತು. ಎದುರಿನ ವ್ಯಾಪಾರಿ ತನ್ನ ಕೂಗನ್ನು ಅರ್ಧಕ್ಕೆ ನಿಲ್ಲಿಸಿ ಬೆರಗಾಗಿ ನೋಡಿದ. ನಾನು ಸಾಹೇಬರ ಕಡೆ ತಿರುಗಿದೆ. ಸೇರನ್ನು ಎದೆಗೆ ಒತ್ತಿ ಹಿಡಿದು ನೆಟ್ಟಗೆ ನಿಂತಿದ್ದರು. ಕುಣಿಯಲಿಲ್ಲ, ದೇವರನ್ನು ಕರೆಯಲಿಲ್ಲ. "ಕೇಳಿಸ್ತು. ಸ್ವಚ್ಛ ಕೇಳಿಸ್ತು. ಇನ್ನೊಂದ್ ಸಲ ಹೇಳ್ರಿ" ಎಂದರು. ಭಾಭಿ ಕೂಗಿದರು. ಆ ದಿನ ಎರಡೂ ಚೀಲ ಖಾಲಿಯಾದವು. ಅಳೆಯುವಾಗ ಸಾಹೇಬರ ಕಣ್ಣು ಆಕೆಯ ಮೇಲೇ ಇದ್ದು ಅರ್ಧ ಮಂಡಕ್ಕಿ ನೆಲದ ಪಾಲಾಯಿತು.

ಅಲ್ಲಿಂದ ಮಾತು ಒಂದೊಂದಾಗಿ ಬಂತು. ಮೊದಲು ಬಂದದ್ದು ಸಂತೆಯ ಕನ್ನಡ: ಬರ್ರಿ, ಸೇರು, ಬ್ಯಾಡ, ಹೋಗತ್ಲಾಗೆ. ಮನೆಯ ಉರ್ದು ಬರಲಿಲ್ಲ. ಗಂಡನ ಹತ್ತಿರವೂ ಕನ್ನಡದಲ್ಲೇ ತಡವರಿಸುತ್ತಿದ್ದರು. ಸಾಹೇಬರು ಅದಕ್ಕೂ ಕಾದರು. ಒಂದು ಮಧ್ಯಾಹ್ನ ನಾನು ಕಾಜಾ ಹೊಲಿಯುತ್ತಿದ್ದೆ. ತಗಡಿನಾಚೆಯಿಂದ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದಂತೆ, "ಖಾನಾ... ಖಾಯೇ... ಕ್ಯಾ?" ಎಂದು ಕೇಳಿಸಿತು. ಊಟ ಆಯಿತಾ ಎಂಬ ಪ್ರಶ್ನೆ. ಸಾಹೇಬರ ಊಟ ಆಗಲೇ ಮುಗಿದಿತ್ತು, ಡಬ್ಬಿ ತೊಳೆದ ಸದ್ದು ನನಗೆ ಕೇಳಿಸಿತ್ತು. ಆದರೂ ಅವರು, "ನಹೀಂ, ಅಭೀ ನಹೀಂ ಖಾಯಾ" ಎಂದರು, ಇನ್ನೂ ಉಂಡಿಲ್ಲ ಅಂತ. ಆಕೆ ಒತ್ತಾಯ ಮಾಡಲಿ, ಇನ್ನೊಂದು ನಾಲ್ಕು ಮಾತಾಡಲಿ ಎಂದು.

ಹೀಗೆ ಕೆಲವು ಒಳ್ಳೆಯ ವರ್ಷಗಳು ಅವರಿಗೆ ಸಿಕ್ಕವು.

ಸಾಹೇಬರು ತೀರಿಕೊಂಡ ಮೇಲೆ ಮಾಜಿ ಸೈನಿಕರೆಲ್ಲ ಸೇರಿ ಊರಿನಲ್ಲಿ ಒಂದು ಸಭೆ ಮಾಡಿದರು. ಭಾಭಿ ಬರುವಂತಿರಲಿಲ್ಲ, ಗಂಡ ಹೋದ ಮೇಲೆ ಅವರಲ್ಲಿ ಕೆಲವು ತಿಂಗಳು ಮನೆಯಿಂದ ಹೊರಗೆ ಬರುವ ಪದ್ಧತಿಯಿಲ್ಲ. ನಾನು ಹೋಗಿದ್ದೆ. ದೊಡ್ಡ ಮೀಸೆಯ ಹಿರಿಯರು ಬಂದು ಫೋಟೋಗೆ ಸೆಲ್ಯೂಟ್ ಹೊಡೆದರು. ಹಿಮದ ಕತೆ ಹೇಳಿದರು, ಬ್ಯಾಟರಿಯ ಕತೆ ಹೇಳಿದರು. ಭಾಭಿ ಹೇಳುತ್ತಿದ್ದುದರಲ್ಲಿ ಸುಳ್ಳು ಬಹಳ ಇರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಆ ದಿನ.

ಮರುದಿನ ಸಂಜೆ ಅವರ ಮನೆಗೆ ಹೋದೆ. ಜಗಳೂರಿನಿಂದ ಬಂದಿದ್ದ ಮಗಳು ಚಹ ಕೊಟ್ಟಳು. ಸಭೆಯಲ್ಲಿ ಯಾರ್ಯಾರು ಏನೇನು ಹೇಳಿದರೆಂದು ನಾನು ಭಾಭಿಗೆ ಒಂದೂ ಬಿಡದೆ ಒಪ್ಪಿಸಿದೆ. ಕೊನೆಗೆ, ಊರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ. "ಏನೇ ಅನ್ರಿ ಭಾಭಿ, ನಿಮಗೆ ಮಾತು ಬರೋತನ್ಕ ಕಾದ್ರಲ್ಲ, ಅದು ಎಲ್ಲಾದಕ್ಕಿಂತ ದೊಡ್ಡದು."

ಭಾಭಿ ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಆಮೇಲೆ ಒಂದೊಂದೇ ಮಾತನ್ನು ಎತ್ತಿಟ್ಟಂತೆ ಹೇಳತೊಡಗಿದರು.

"ನಾನು... ಮೊದ್ಲು ಕಾದೀನಿ. ಟೇಲರಮ್ಮಾ, ನೀನು... ಆಗ ಇರ್ಲಿಲ್ಲ. ರಿಟೈರಾಗಿ ಬಂದ್ರಲ್ಲ... ಮಾತೇ ಇರ್ಲಿಲ್ಲ ಅವ್ರ್ಗೆ. ಉಣ್ಣೋರು... ಗೋಡೆ ನೋಡ್ಕಂತ ಕೂಡೋರು. ಮಕ್ಳು... ಹೆದ್ರೋವು. ಹುಚ್ಚು ಹಿಡ್ದೈತೆ ಅಂದ್ರು ಜನ. ನಾನು... ಏನೂ ಕೇಳ್ಲಿಲ್ಲ. ನಂದೇ ನಾನು ಮಾತಾಡ್ತಿದ್ದೆ... ಸಂತೇದು, ಮಕ್ಳುದು... ಅವ್ರ ಪಕ್ಕದಾಗೆ ಕೂತು. ಒಂದು ಮಳೆಗಾಲ... ಪೂರ್ತಿ."

ಮಗಳು ಚಹದ ಖಾಲಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಆಗ ತೀರ ಚಿಕ್ಕವಳಾಗಿದ್ದ ಅವಳಿಗೂ ಇದು ಗೊತ್ತಿರಲಿಲ್ಲ.

"ಆಮ್ಯಾಕೆ?" ಎಂದೆ.

"ಒಂದಿನ... ನಾನು ರೊಟ್ಟಿ ತಟ್ತಾ ಇದ್ದೆ. ಒಲೆ ತಾವ ಬಂದು ಕೂತ್ರು. ಬೆಂಕಿಗೆ ಕೈ ಹಿಡಿದ್ರು. 'ಅಲ್ಲಿ ಬಾಳ ಚಳಿ ಇತ್ತು' ಅಂದ್ರು. ಅಷ್ಟೇ."

ಭಾಭಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಆವತ್ತು... ಮನೀಗೆ ಬಂದ್ರು ಅವ್ರು."